ಬಂದು ಹೋದ ಮೀನು

ಬೆಂಡು ಮುಳುಗಿದರೆ ಮೀನು ಬಂತೆಂದು ಕಣ್ಣಿಗೆ ತಿಳಿಯುತ್ತದೆ. ಬೆಂಡೇ ಇಲ್ಲದ ರಬ್ಬರ್ ಗಾಳದಲ್ಲಿ ಆ ಸುದ್ದಿಯನ್ನು ಬೆರಳೇ ಓದಿಕೊಳ್ಳಬೇಕು. ವಿಜಯಪುರ, ಬಬಲೇಶ್ವರ, ತಿಕೋಟಾ ಸೀಮೆಯ ಕೆರೆಗಳ ದಂಡೆಯಲ್ಲಿ ಕಲಿತ ಓದು ಇದು.

ಮಮದಾಪುರ ಕೆರೆಯ ಏರಿಯ ಮೇಲೆ ಮೊದಲ ಸಲ ರಾಡ್ ಹಿಡಿದು ಕುಳಿತ ದಿನ ಮಧ್ಯಾಹ್ನದವರೆಗೂ ನನಗೆ ಒಂದು ಮೀನೂ ಸಿಗಲಿಲ್ಲ. ಹತ್ತು ಮಾರು ಆಚೆ ಕುಳಿತಿದ್ದ ಅಂಬಿಗರ ಮನೆತನದ ಕಾಕಾನ ಚೀಲದಲ್ಲಿ ಆಗಲೇ ಆರು ಮೀನು ಬಿದ್ದಿದ್ದವು. ಅವರದು ಬಿದಿರಿನ ಕೋಲು, ಜೋಳದ ದಂಟಿನ ಬೆಂಡು, ಎರೆಹುಳ. ನನ್ನದು ಕಾರ್ಬನ್ ರಾಡ್, ಹೊಸ ರೀಲ್, ಬಾಲ ಅಲ್ಲಾಡಿಸುವ ರಬ್ಬರ್ ಮೀನು.

"ಈ ಕಡೆ ಇವತ್ತ ಮೀನಾ ಇಲ್ಲ ಅನಸ್ತದ್ರೀ ಕಾಕಾ" ಎಂದೆ.

ಅವರು ತಮ್ಮ ಬೆಂಡಿನ ಮೇಲಿಂದ ಕಣ್ಣು ತೆಗೆಯದೆಯೇ ಹೇಳಿದರು: "ಮೂರು ಸಲ ಬಂದು ಹೋತು ತಮ್ಮಾ. ನಿನ್ನ ದಾರ ನೋಡಾಕತ್ತೀನಿ ನಾ. ನಿನ್ನ ಕೈಗಿ ಗೊತ್ತಾಗ್ಲಿಲ್ಲ, ಅಷ್ಟ."

ಮೀನು ಬರಲಿಲ್ಲ ಎಂಬುದು ಒಂದು ಮಾತು. ಬಂದದ್ದು ನನಗೆ ಗೊತ್ತಾಗಲಿಲ್ಲ ಎಂಬುದು ಬೇರೆಯೇ ಮಾತು. ಅಂದಿನಿಂದ ನಾನು ಕೆರೆಗೆ ಹೋಗುತ್ತಿರುವುದು ಈ ಎರಡನೆಯ ಮಾತನ್ನು ಬಿಡಿಸಿಕೊಳ್ಳಲು. ಇಷ್ಟು ವರ್ಷಕ್ಕೆ ತಿಳಿದದ್ದನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಏನೂ ಆಗದೆ ಇರುವಾಗ ದಾರ ಹೇಗಿರುತ್ತದೆ ಎಂದು ಬಲ್ಲವನಿಗೆ ಮಾತ್ರ, ಏನಾದರೂ ಆದಾಗ ತಿಳಿಯುತ್ತದೆ.

ಒಣ ಸೀಮೆಗೆ ಹತ್ತಿದ ನೀರು

ಬರಕ್ಕೆ ಹೆಸರಾದ ವಿಜಯಪುರದಲ್ಲಿ ಮೀನಿನ ಮಾತೇ ಎಂದು ಹೊರಗಿನವರು ಹುಬ್ಬೇರಿಸುತ್ತಾರೆ. ಆದರೆ ಈ ಊರಿನ ಚರಿತ್ರೆಯೇ ನೀರು ಹಿಡಿದಿಟ್ಟ ಚರಿತ್ರೆ. 1620ರ ತಾಜ್ ಬಾವಡಿ, 1651ರಲ್ಲಿ ಮಹಮ್ಮದ್ ಆದಿಲ್ ಶಾಹ್ ಕಟ್ಟಿಸಿದ ಬೇಗಂ ತಲಾಬ್, ತೊರವಿಯಿಂದ ನಗರಕ್ಕೆ ನೀರು ತಂದ ನೆಲದಡಿಯ ಸುರಂಗಗಳು, ಬಬಲೇಶ್ವರ ಸೀಮೆಯ ಮಮದಾಪುರದ ಆದಿಲಶಾಹಿ ಕೆರೆ, ಇವೆಲ್ಲ ಆ ಎಚ್ಚರದ ಗುರುತುಗಳು. ನಗರದ ಅಂಚಿನ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ.

ಕಷ್ಟ ಇರುವುದು ಎತ್ತರದಲ್ಲಿ. ಆಲಮಟ್ಟಿ ಜಲಾಶಯ ತುಂಬಿ ತುಳುಕಿದರೂ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ವಿಜಯಪುರ ನಗರ ಇರುವುದು 590 ಮೀಟರಿನ ಆಸುಪಾಸಿನಲ್ಲಿ. ಕೃಷ್ಣೆ ತಾನಾಗಿ ಇಲ್ಲಿಗೆ ಹತ್ತಿ ಬರುವುದಿಲ್ಲ, ಎತ್ತಿ ತರಬೇಕು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳು ಮಾಡಿದ್ದು ಅದನ್ನೇ. ವರ್ಷಗಟ್ಟಲೆ ಒಣಗಿ ಬಿರಿದು ಬಳ್ಳಾರಿ ಜಾಲಿ ಬೆಳೆದಿದ್ದ ಕೆರೆಗಳಿಗೆ ನೀರು ಬಂತು. ಜಾಲಿ ಕಂಟಿಗಳು ನಿಂತಲ್ಲೇ ಮುಳುಗಿದವು, ಅವುಗಳ ನೆರಳಿನಲ್ಲಿ ಮೀನು ಸೇರಿಕೊಂಡಿತು.

ಈ ಕೆರೆಗಳಲ್ಲಿ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ ಮೀನುಗಳು ಪಾಚಿ, ಸಣ್ಣ ಜೀವಿ, ಕೆಸರಿನ ಕಸರು ತಿಂದು ಬದುಕುತ್ತವೆ. ಅವು ರಬ್ಬರ್ ಮೀನನ್ನು ಅಟ್ಟಿಸಿಕೊಂಡು ಬರುವುದು ಅಪರೂಪ. ಅಂಥದ್ದರ ಮೇಲೆ ಬೀಳುವುದು ಬೇಟೆಯಾಡಿ ತಿನ್ನುವ ಮೀನು. ಹಾವಿನ ತಲೆಯ ಕೊರವ (ಅಂದರೆ ಮುರ್ರೆಲ್) ಮತ್ತು ಅಗಲ ಬಾಯಿಯ ಬಾಳೆ ಮೀನು. ಮಳೆಗಾಲದಲ್ಲಿ ಕೊರವ ನೀರ ಮೇಲಿನ ರಬ್ಬರ್ ಕಪ್ಪೆಯ ಮೇಲೆ ಎರಗಿದರೆ ಕಲ್ಲು ಎಸೆದಷ್ಟು ಸದ್ದಾಗುತ್ತದೆ, ಅದನ್ನು ಗುರುತಿಸಲು ಯಾರ ಪಾಠವೂ ಬೇಡ. ಚಳಿಗಾಲಕ್ಕೆ ಕತೆ ಬದಲಾಗುತ್ತದೆ. ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ಮೈ ನಿಧಾನವಾಗುತ್ತದೆ, ಹಸಿವು ಇಳಿಯುತ್ತದೆ. ಆಗ ಅದು ಎರಗುವುದಿಲ್ಲ, ತಳದಲ್ಲಿ ಮೆಲ್ಲಗೆ ಬಾಯಿ ಹಾಕಿ ನೋಡುತ್ತದೆ. ನಾನು ಅಂದು ಮೂರು ಸಲ ಕಳೆದುಕೊಂಡದ್ದು ಆ ಮೆಲ್ಲನೆಯ ಬಾಯನ್ನು.

ಕಲ್ಯಾಣದಿಂದ ಅಕ್ರನ್‌ವರೆಗೆ

ಗಾಳ ಹಾಕುವುದನ್ನು ವಿದ್ಯೆ ಎಂದು ಎಣಿಸಿ ಬರೆದಿಟ್ಟವರಲ್ಲಿ ನಮ್ಮ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ತೀರ ಹಿಂದಿನವನು. ಸುಮಾರು 1129ರ ಅವನ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವಿದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಏನು ತಿನಿಸಿ ರೂಢಿ ಮಾಡಬೇಕು, ಗಾಳ ಹೇಗೆ ಹಾಕಬೇಕು ಎಂಬುದೆಲ್ಲ ಅಲ್ಲಿ ಬಂದಿದೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ವಿಸ್ತಾರವಾಗಿ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಆ ಅರಸರ ಆಳ್ವಿಕೆಯಲ್ಲೇ ಇದ್ದ ವಿಜಯಪುರದವರಿಗೆ ಗಾಳದ ಶಾಸ್ತ್ರ ಹೊರಗಿನಿಂದ ಬಂದದ್ದೇನಲ್ಲ.

ರಬ್ಬರ್ ಹುಳ ಮಾತ್ರ ಹೊಸದು. ನಾವು ರಬ್ಬರ್ ಎಂದು ಕರೆದರೂ ಅದು ನಿಜವಾಗಿ ಪಿವಿಸಿ ಪ್ಲಾಸ್ಟಿಕ್. ಮೆತ್ತಗಾಗಿಸುವ ಎಣ್ಣೆಯಂಥ ದ್ರವದಲ್ಲಿ ಅದನ್ನು ಕಲಸಿ, ಕಾಯಿಸಿ, ಅಚ್ಚಿಗೆ ಹೊಯ್ಯುತ್ತಾರೆ. ಅಮೆರಿಕದ ಓಹಾಯೊ ರಾಜ್ಯದ ಅಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಮತ್ತು ಅವರ ಹೆಂಡತಿ ಕಾಸ್ಮಾ 1949ರಲ್ಲಿ ಮನೆಯ ಅಡುಗೆಮನೆಯಲ್ಲೇ ಇಂಥ ಎರೆಹುಳ ಮಾಡಿದರು. ಅದರ ಗುಣವೆಲ್ಲ ಅದರ ಮೆತುವಿನಲ್ಲಿದೆ. ಮರದ, ಲೋಹದ ಗಟ್ಟಿ ಮೀನನ್ನು ಕಚ್ಚಿದ ಕೂಡಲೇ ಉಗುಳುವ ಮೀನು, ಇದನ್ನು ಕ್ಷಣ ಹೊತ್ತು ಹೆಚ್ಚು ಬಾಯಲ್ಲಿಟ್ಟುಕೊಳ್ಳುತ್ತದೆ. ಗಾಳ ಹಾಕಿದವನಿಗೆ ಸಿಗುವ ಸಮಯ ಆ ಒಂದು ಕ್ಷಣ.

ಮೀನಿನ ಬಾಯಲ್ಲಿ ಆಗುವುದು

ಮೀನು ನಾಯಿಯಂತೆ ಕಚ್ಚುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳಷ್ಟು ಮೀನುಗಳು ಮಾಡುವುದು ಬೇರೆ. ಬಾಯಿ, ಕೆನ್ನೆಗಳನ್ನು ಥಟ್ಟನೆ ಅಗಲಿಸಿದಾಗ ಒಳಗೆ ಟೊಳ್ಳು ಹುಟ್ಟಿ ಎದುರಿನ ನೀರು ಒಳನುಗ್ಗುತ್ತದೆ, ನೀರಿನ ಜೊತೆ ತುತ್ತೂ ಹೋಗುತ್ತದೆ. ಇದೆಲ್ಲ ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಬೇಡವೆನಿಸಿದರೆ ಅದೇ ದಾರಿಯಲ್ಲಿ ನೀರು ಹೊರದೂಡಿ ಉಗುಳುತ್ತದೆ. ಮೀನಿಗೆ ಕೈಯಿಲ್ಲ. ಏನನ್ನಾದರೂ ಮುಟ್ಟಿ ನೋಡಬೇಕೆಂದರೆ ಬಾಯಿಂದಲೇ ನೋಡಬೇಕು.

ಇದು ಮನಸ್ಸಿಗೆ ಹತ್ತಿದರೆ ಅರ್ಧ ಗುಟ್ಟು ಬಿಚ್ಚಿದಂತೆ. ಮೀನು ನಿಂತಲ್ಲೇ ನಿಂತು ಹೀರಿಕೊಂಡರೆ ದಾರಕ್ಕೆ ಜಗ್ಗಾಟವೇ ಬೀಳುವುದಿಲ್ಲ. ನಮ್ಮ ಕಡೆಗೆ ಈಜುತ್ತ ಬಂದು ನುಂಗಿದರೆ ದಾರ ಬಿಗಿಯುವುದಿರಲಿ, ಸಡಿಲಾಗುತ್ತದೆ. ಜಗ್ಗಾಟಕ್ಕಾಗಿಯೇ ಕಾದು ಕುಳಿತವನಿಗೆ ಇವೆರಡೂ ತಪ್ಪಿಹೋಗುತ್ತವೆ.

ಬೆಂಕಿಪೊಟ್ಟಣದ ಫೋನು

ಎರಡು ಖಾಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನು ಆಡದವರು ನಮ್ಮಲ್ಲಿ ಕಡಿಮೆ. ದಾರ ಬಿಗಿಯಿದ್ದರೆ ಮಾತು ಕೇಳುತ್ತದೆ. ಜೋತುಬಿದ್ದರೆ, ನಡುವೆ ಯಾರಾದರೂ ಬೆರಳು ಇಟ್ಟರೆ, ನಿಲ್ಲುತ್ತದೆ. ಗಾಳದ ದಾರವೂ ಅಂಥ ಫೋನೇ. ತಂಗೂಸು, ಅಂದರೆ ನಾವು ಮೊದಲಿಂದ ಬಳಸುವ ನೈಲಾನ್ ದಾರ, ಹರಿಯುವ ಮುಂಚೆ ತನ್ನ ಉದ್ದದ ಶೇ 20ರಿಂದ 30ರಷ್ಟು ಹಿಗ್ಗುತ್ತದೆ. ಆ ಹಿಗ್ಗಿನಲ್ಲೇ ಸಣ್ಣ ಸುದ್ದಿ ಅಡಗಿಹೋಗುತ್ತದೆ. ಹೆಣೆದ ಪಿಇ, ಅಂದರೆ ಪಾಲಿಎಥಿಲೀನ್ ದಾರ ಹಿಗ್ಗುವುದು ತೀರ ಕಡಿಮೆ, ಸುದ್ದಿ ಚೆನ್ನಾಗಿ ತರುತ್ತದೆ. ಆದರೆ ಅದು ನೀರಿಗಿಂತ ಹಗುರ, ತೇಲುತ್ತದೆ. ನಮ್ಮ ಬಯಲುಸೀಮೆಯ ಗಾಳಿಗೆ ಬಿಲ್ಲಿನಂತೆ ಬಾಗಿಬಿಡುತ್ತದೆ. ಅದಕ್ಕೇ ಗಾಳಿ ಬೀಸುವಾಗ ರಾಡಿನ ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಬೇಕು. ಫ್ಲೋರೋಕಾರ್ಬನ್ ದಾರ ನೀರಿನ 1.78 ಪಟ್ಟು ತೂಕದ್ದು, ಮುಳುಗಿ ನೇರ ನಿಲ್ಲುತ್ತದೆ. ಪಿಇ ದಾರದ ತುದಿಗೆ ಒಂದು ಮಾರಿನಷ್ಟು ಫ್ಲೋರೋಕಾರ್ಬನ್ ಕಟ್ಟುವುದು ಈಗ ಹಲವರ ರೂಢಿ.

ಹುಳವನ್ನು ತಳಕ್ಕೆ ಇಳಿಸಲು ಕಟ್ಟುವ ಗುಂಡಿಗೂ ಇದೇ ಲೆಕ್ಕ. ಸೀಸ ನೀರಿನ 11.3 ಪಟ್ಟು ತೂಕ, ಮೆತ್ತಗಿನ ಲೋಹ. ಟಂಗ್‌ಸ್ಟನ್ 19.3 ಪಟ್ಟು, ಬಲು ಗಟ್ಟಿ. ಅಷ್ಟೇ ತೂಕದ ಟಂಗ್‌ಸ್ಟನ್ ಗುಂಡು ಗಾತ್ರದಲ್ಲಿ ಸಣ್ಣದಾಗಿದ್ದು, ತಳದ ಕಲ್ಲು, ಕೆಸರು, ಕಡ್ಡಿಗಳ ಗುರುತನ್ನು ಸ್ಪಷ್ಟವಾಗಿ ಕೈಗೆ ಮುಟ್ಟಿಸುತ್ತದೆ. ಬೆಲೆ ಹೆಚ್ಚು ಎಂಬುದೊಂದೇ ಅಡ್ಡಿ.

ಈ ಫೋನಿನ ಇನ್ನೊಂದು ತುದಿ ನಮ್ಮ ಬೆರಳು. ಚರ್ಮದ ಆಳದಲ್ಲಿ ಪ್ಯಾಸಿನಿ ಕಣಗಳೆಂಬ, ಈರುಳ್ಳಿಯಂತೆ ಪದರ ಪದರವಾದ ಸಣ್ಣ ಗಂಟುಗಳಿವೆ. ಸೆಕೆಂಡಿಗೆ 200–300 ಸಲ ನಡುಗುವ ಕಂಪನವನ್ನು ಅವು ಎಲ್ಲಕ್ಕಿಂತ ಚೆನ್ನಾಗಿ ಗ್ರಹಿಸುತ್ತವೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣ ಅಲುಗಾಟವೂ ಅವಕ್ಕೆ ತಿಳಿಯುತ್ತದೆ. ರಾಡನ್ನು ಮುಷ್ಟಿ ಬಿಗಿದು ಹಿಡಿದರೆ ಅವುಗಳ ಕೆಲಸ ಕೆಡುತ್ತದೆ. ಹಿಡಿತ ಸಡಿಲವಿರಲಿ, ರೀಲಿನ ಮುಂದೆ ದಾರ ತೋರುಬೆರಳ ಮೇಲೆ ಹಾದುಹೋಗಲಿ. ಬಿಳಿಜೋಳದ ರೊಟ್ಟಿ ಬಡಿಯುವ ಅವ್ವನ ಕೈಯನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ಹಿಟ್ಟು ಇನ್ನೇನು ಬಿರಿಯುತ್ತದೆ ಎನ್ನುವುದು ಅಂಚು ಬಿರಿಯುವ ಮೊದಲೇ ಅವಳ ಅಂಗೈಗೆ ಗೊತ್ತು.

ತಿಕೋಟಾದ ಹೊಂಡದ ಪಾಠ

ನನ್ನ ಕೈ ತಿದ್ದಿದ್ದು ಕೆರೆಯಲ್ಲ, ತಿಕೋಟಾದ ನೆಂಟರ ದ್ರಾಕ್ಷಿ ತೋಟದ ಕೃಷಿ ಹೊಂಡ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಊರು ಅದು. ಅಲ್ಲಿ ಹೊಂಡದ ನೀರೆಂದರೆ ಬ್ಯಾಂಕಿನಲ್ಲಿಟ್ಟ ದುಡ್ಡಿದ್ದಂತೆ. ಹೊಂಡಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒಂದು ಮುಳ್ಳು ತಾಗಿ ಹರಿದರೆ ನೀರೆಲ್ಲ ನೆಲದ ಪಾಲು.

"ಗಾಳಾ ಹಾಕೂದಾದ್ರ ಹೊಂಡಕ್ಕ ಇಳೀಬ್ಯಾಡ್ರಿ ಭಾವಾ. ಬರೇ ಗುಂಡ ಬಿಡ್ತೀನಂದ್ರ ಬಿಡ್ರಿ" ಎಂದ ನನ್ನ ಹೆಂಡತಿಯ ತಮ್ಮ.

ಆ ಷರತ್ತಿನಿಂದಲೇ ನನಗೆ ಒಳ್ಳೆಯದಾಯಿತು. ಕೊಕ್ಕೆಯಿಲ್ಲದೆ, ಅಂಚು ನುಣುಪಾದ ಒಂದು ದುಂಡನೆಯ ಗುಂಡು ಮತ್ತು ಕೊಕ್ಕೆ ಚುಚ್ಚದ ರಬ್ಬರ್ ಹುಳವನ್ನು ಕಟ್ಟಿ, ಬೇಲಿಯ ಹೊರಗೆ ನಿಂತು ನೀರಿಗೆ ಬಿಟ್ಟೆ. ಇಂಥ ಹೊಂಡದ ದಂಡೆ ಬಲು ಜಾರು, ಬಿದ್ದರೆ ಹತ್ತಿ ಬರುವುದು ಕಷ್ಟ. ಬೇಲಿ ದಾಟಬಾರದು, ಒಬ್ಬರೇ ಹೋಗಬಾರದು. ತಳದಲ್ಲಿ ಕಲ್ಲಿಲ್ಲ, ಕಂಟಿಯಿಲ್ಲ. ಎಳೆದಷ್ಟೂ ಒಂದೇ ನುಣುಪು. ಗುಂಡು ನೀರಿಗೆ ಬಿದ್ದ ಕೂಡಲೇ ಎಣಿಸತೊಡಗಿದೆ: ಒಂದು, ಎರಡು, ಮೂರು. ಒಂಬತ್ತಕ್ಕೆ ದಾರ ಸಣ್ಣಗೆ ಜೋತುಬಿದ್ದು ಗುಂಡು ತಳ ಮುಟ್ಟಿದ್ದು ತಿಳಿಯಿತು. ಮತ್ತೆ ಎಸೆದೆ, ಮತ್ತೆ ಒಂಬತ್ತು. ನೂರು ಸಲ ಎಸೆದಿದ್ದೇನು. 'ಏನೂ ಇಲ್ಲ' ಎಂಬುದಕ್ಕೂ ಒಂದು ರುಚಿಯಿದೆ ಎಂದು ಆಗ ಗೊತ್ತಾಯಿತು. ನಡುವೆ ಒಮ್ಮೆ ಆ ನುಣುಪಿನಲ್ಲಿ ಕೂದಲೆಳೆಯಷ್ಟು ಕೊಂಕು ಬಂತು. ತೋಟದವರು ಬಿಟ್ಟಿದ್ದ ಜಿಲೇಬಿ ಮೀನೊಂದು ಹುಳದ ಬಾಲಕ್ಕೆ ಮೂತಿ ಹಚ್ಚಿತ್ತು. ಬೆರಳು ಅದನ್ನು ಕೇಳಿಸಿಕೊಂಡಿತು.

ಆ ಸಂಜೆ ಒಣದ್ರಾಕ್ಷಿ ಶೆಡ್ಡಿನಲ್ಲಿ ನನ್ನ ಭಾವಮೈದುನ ಒಂದೊಂದೇ ಮಣೂಕವನ್ನು ಎರಡು ಬೆರಳಲ್ಲಿ ಒತ್ತಿ, "ಇನ್ನೂ ಎರಡ ದಿನಾ ಬೇಕು" ಎನ್ನುತ್ತಿದ್ದ. ನಾನು ಹೊಂಡದಲ್ಲಿ ಕಲಿಯಲು ಹೊರಟಿದ್ದೂ ಅದೇ ಬೆರಳಿನ ಬಲ್ಲತನ.

ಸುತ್ತ ಏನೂ ಇಲ್ಲದಾಗಲೇ ಸಣ್ಣ ಸುದ್ದಿ ತಿಳಿಯುತ್ತದೆ ಎಂಬುದನ್ನು ವಿಜಯಪುರದ ಗೋಲಗುಮ್ಮಟದಲ್ಲಿಯೂ ಕಾಣಬಹುದು. 1656ರಲ್ಲಿ ಮುಗಿದ ಆ ಗುಮ್ಮಟದ ಒಳಸುತ್ತಿನ ಗ್ಯಾಲರಿಯಲ್ಲಿ ಒಂದು ಬದಿ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳಿಸುತ್ತದೆ. ಜನ ಕೂಗಾಡುವ ಮಧ್ಯಾಹ್ನದಲ್ಲಿ ಆ ಪಿಸುಮಾತು ಹುಡುಕಿದರೂ ಸಿಗದು, ನಸುಕಿನಲ್ಲಿ ಹತ್ತಿದವರಿಗೆ ಬಟ್ಟೆ ಸರಿದ ಸದ್ದೂ ಕೇಳುತ್ತದೆ. ಪಿಸುಮಾತು ಎರಡೂ ಹೊತ್ತಿನಲ್ಲಿ ಅಷ್ಟೇ. ಸುತ್ತಲಿನ ಗದ್ದಲ ಮಾತ್ರ ಬೇರೆ.

ಆರು ಸುಳಿವುಗಳು

ಕೆರೆಗೆ ಮರಳಿದ ಮೇಲೆ ನಾನು ಗುರುತು ಹಾಕಿಕೊಂಡ ಸುಳಿವುಗಳು ಇವು.

ಮೊದಲನೆಯದು 'ಟಕ್'. ಉಗುರಿನಿಂದ ದಾರ ಮೀಟಿದಂತೆ ಒಂದೇ ಒಂದು ಏಟು. ಮೀನು ಹುಳವನ್ನು ಒಳಗೆಳೆದ ಗಳಿಗೆ ಇದು. ಎರಡನೆಯ ಟಕ್ ಬಂದರೆ ಅದು ಬಹುಶಃ ಉಗುಳಿದ್ದು.

ಎರಡನೆಯದು ತೂಕ ಮಾಯವಾಗುವುದು. ಗುಂಡಿನ ಭಾರ ಕೈಗೆ ತಿಳಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ದಾರ ಹರಿಯಿತೇನೋ ಎನಿಸುತ್ತದೆ. ಮೀನು ಎತ್ತಿಕೊಂಡು ನಮ್ಮ ಕಡೆಗೇ ಬರುತ್ತಿರುತ್ತದೆ.

ಮೂರನೆಯದು ದಾರ ಪಕ್ಕಕ್ಕೆ ಸರಿಯುವುದು. ಇದು ಕೈಗಲ್ಲ, ಕಣ್ಣಿಗೆ. ದಾರ ನೀರು ಹೊಗುವ ಜಾಗದ ಮೇಲೆ ದೃಷ್ಟಿ ಇಟ್ಟವರಿಗೆ ಕಾಣುತ್ತದೆ. ಹಳದಿ ಬಣ್ಣದ ದಾರ ಇದಕ್ಕೆ ಅನುಕೂಲ. ಅಂದು ಕಾಕಾ ಹತ್ತು ಮಾರು ದೂರದಿಂದ ನನ್ನ ಮೀನುಗಳನ್ನು ಎಣಿಸಿದ್ದು ಹೀಗೆಯೇ.

ನಾಲ್ಕನೆಯದು ತಳ ಮುಟ್ಟುವ ಮೊದಲೇ ನಿಲ್ಲುವುದು. ಒಂಬತ್ತರ ಎಣಿಕೆಗೆ ಇಳಿಯಬೇಕಾದ ಹುಳ ಆರಕ್ಕೆ ನಿಂತರೆ ನಡುವೆ ಯಾರೋ ಹಿಡಿದಿದ್ದಾರೆಂದು ಅರ್ಥ. ಹುಳ ಇಳಿಯುವಾಗಲೇ ಮೀನು ಬಾಯಿ ಹಾಕುವುದು ಹೆಚ್ಚು. ಆಗ ದಾರವನ್ನು ತೀರ ಬಿಗಿಯಾಗಿಟ್ಟರೆ ಹುಳ ಸಹಜವಾಗಿ ಇಳಿಯದು, ತೀರ ಸಡಿಲ ಬಿಟ್ಟರೆ ಸುದ್ದಿ ಬಾರದು. ನೇರವಿರಬೇಕು, ಜಗ್ಗಿರಬಾರದು. ಈ ಹದವೇ ಇಡೀ ವಿದ್ಯೆಯ ಕಷ್ಟದ ಭಾಗ.

ಐದನೆಯದು ಒದ್ದೆ ಬಟ್ಟೆಯ ಭಾರ. ಏಟಿಲ್ಲ, ಅಲುಗಾಟವಿಲ್ಲ. ಎಳೆದರೆ ಮೆತ್ತನೆಯ ಭಾರ. ಚಳಿಗಾಲದ ಕೊರವ ಹೆಚ್ಚಾಗಿ ಹೀಗೆ ಬರುತ್ತದೆ.

ಆರನೆಯದು 'ಟಕ ಟಕ ಟಕ' ಎಂದು ಸಾಲಾಗಿ ಬರುವ ಸಣ್ಣ ಕುಟುಕು. ಅದು ಸಣ್ಣ ಮೀನು ಬಾಲ ಕಚ್ಚುತ್ತಿರುವುದು. ಇದಕ್ಕೆ ರಾಡ್ ಎತ್ತಬಾರದು.

ಜಾಲಿಯೋ ಮೀನೋ

ನಮ್ಮ ಕೆರೆಗಳಲ್ಲಿ ದೊಡ್ಡ ಗೊಂದಲ ಹುಟ್ಟಿಸುವುದು ಮುಳುಗಿದ ಜಾಲಿ ಮತ್ತು ತಳದ ಎರೆಮಣ್ಣು. ಜಾಲಿ ಟೊಂಗೆಗೆ ತಾಗಿದರೆ ಸ್ಪ್ರಿಂಗಿನಂತೆ ಬಾಗಿ ಹಿಂದಕ್ಕೆ ಎಳೆಯುತ್ತದೆ, ಬಿಟ್ಟರೆ ಇದ್ದಲ್ಲೇ ಇರುತ್ತದೆ. ಎರೆಮಣ್ಣು ಹೀರಿಕೊಂಡಂತೆ ಹಿಡಿದು, ಬಿಡುವಾಗ ಒಮ್ಮೆಲೇ ಬಿಡುತ್ತದೆ. ಪಾಚಿ ಎಳೆದಷ್ಟೂ ಭಾರ ಕೂಡಿಸುತ್ತ ಹೋಗುತ್ತದೆ. ಮೀನು ಈ ಮೂರರ ಹಾಗಲ್ಲ. ಅದು ಬದಲಾಗುತ್ತದೆ. ಭಾರ ಒಂದು ಗಳಿಗೆ ಹೆಚ್ಚಿ ಇನ್ನೊಂದು ಗಳಿಗೆ ತಗ್ಗುತ್ತದೆ, ದಿಕ್ಕು ಕದಲುತ್ತದೆ.

ಅನುಮಾನ ಬಂದ ಕೂಡಲೇ ರಾಡನ್ನು ಜಾಡಿಸಿ ಎತ್ತುವುದು ಹೊಸಬರ ಚಟ. ಅದಕ್ಕಿಂತ ರೀಲನ್ನು ಅರ್ಧ ಸುತ್ತು ಮೆಲ್ಲಗೆ ತಿರುಗಿಸಿ ದಾರಕ್ಕೆ ತೂಕ ಕೇಳಬೇಕು. ಉತ್ತರ ಜೀವಂತವಾಗಿ ಬಂದರೆ ಆಗ ಎತ್ತಬೇಕು. ಈ ಕೇಳುವಿಕೆ ಬೇಗ ಮುಗಿಯಬೇಕು. ಸ್ಪರ್ಶಕ್ಕೆ ನಮ್ಮ ಕೈ ಮಿಡಿಯಲು ಸುಮಾರು 0.15 ಸೆಕೆಂಡ್ ಹಿಡಿಯುತ್ತದೆ, ಕಣ್ಣಿನ ಸುದ್ದಿಗೆ ಅದಕ್ಕಿಂತ ತುಸು ಹೆಚ್ಚು. ಹುಳವನ್ನು ಮೀನು ಬಾಯಲ್ಲಿಟ್ಟುಕೊಂಡಿರುವುದು ಎಷ್ಟು ಹೊತ್ತೆಂದು ಅದೇ ಬಲ್ಲದು.

ತಡವಾದರೆ ಮೀನಿಗೆ ಆಗುವುದು

ಈ ಸೂಕ್ಷ್ಮವನ್ನು ಬರೀ ಹೆಚ್ಚು ಮೀನು ಹಿಡಿಯುವ ಉಪಾಯವೆಂದು ತಿಳಿದಿದ್ದೆ. ಒಂದು ಸಂಜೆ ಅದು ಬದಲಾಯಿತು. ಮಾತಾಡುತ್ತ ಕುಳಿತು ದಾರ ಮರೆತಿದ್ದೆ. ಎಳೆದಾಗ ಬಂದ ಗೇಣುದ್ದದ ಕೊರವದ ಮರಿ ಕೊಕ್ಕೆಯನ್ನು ಗಂಟಲಾಳಕ್ಕೆ ನುಂಗಿತ್ತು. ತೆಗೆಯಹೋದರೆ ಕಿವಿರಿನಿಂದ ರಕ್ತ. ಬಿಟ್ಟರೂ ಅದು ಈಜಲಿಲ್ಲ, ಮಗ್ಗುಲಾಗಿ ತೇಲಿತು. ತಿನ್ನಲೂ ಆಗದ, ಬದುಕಲೂ ಆಗದ ಮೀನು. ಬಿಟ್ಟ ಮೀನು ಉಳಿಯುವುದೋ ಸಾಯುವುದೋ ಎಂಬುದು ಮುಖ್ಯವಾಗಿ ಕೊಕ್ಕೆ ಎಷ್ಟು ಆಳಕ್ಕೆ ಹೋಗಿತ್ತು ಎಂಬುದರ ಮೇಲೆ ನಿಂತಿದೆ. ತುಟಿಯಂಚಿಗೆ ಚುಚ್ಚಿದ್ದು ಸಾಮಾನ್ಯವಾಗಿ ಬದುಕುತ್ತದೆ, ಗಂಟಲಿಗೆ ಇಳಿದದ್ದು ಸಾಯುವ ಸಾಧ್ಯತೆ ಬಹಳ ಹೆಚ್ಚು. ಮೆಲ್ಲನೆಯ ಸುಳಿವನ್ನು ಆಗಲೇ ಗುರುತಿಸಿದವನ ಕೊಕ್ಕೆ ತುಟಿಯಲ್ಲಿರುತ್ತದೆ. ಅಂದಿನಿಂದ ನಾನು ಕೊಕ್ಕೆಯ ಹಿಮ್ಮುಳ್ಳನ್ನು ಪಕ್ಕಡಿನಿಂದ ಒತ್ತಿ ಚಪ್ಪಟೆ ಮಾಡಿಯೇ ಕಟ್ಟುತ್ತೇನೆ.

ಇದರ ಜೊತೆ ಇನ್ನೂ ನಾಲ್ಕು ಮಾತು ಹೇಳಲೇಬೇಕು. ನಮ್ಮ ಕೆರೆಗಳ ಮೀನಿನ ಹಕ್ಕನ್ನು ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಟ್ಟಿರುತ್ತದೆ. ಅದರ ಹಿಂದೆ ಮೀನುಗಾರರ ಹೊಟ್ಟೆಪಾಡಿದೆ, ಅವರನ್ನು ಕೇಳದೆ ರಾಡ್ ಬಿಚ್ಚಬಾರದು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪಿನ ಕೆಳಗೆ ಕೊರವದ ತಾಯಿ ತಂದೆ ಕಾವಲಿರುತ್ತವೆ, ಅವುಗಳ ಮೇಲೆ ಗಾಳ ಎಸೆದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಹರಿದ ರಬ್ಬರ್ ಹುಳ ಕೊಳೆಯುವುದಿಲ್ಲ, ಸೀಸ ವಿಷ. ಅಷ್ಟು ಎತ್ತರಕ್ಕೆ ಅಷ್ಟು ಕಷ್ಟಪಟ್ಟು ತಂದ, ಜನ ದನ ಕುಡಿಯುವ ನೀರಿನಲ್ಲಿ ಅವನ್ನು ಬಿಟ್ಟುಬರುವುದು ತಪ್ಪು. ಜಾಲಿಯನ್ನು ಮೀನಿನಿಂದ ಬೇರೆ ಮಾಡಿ ಬಲ್ಲವನ ಗುಂಡು ಜಾಲಿಯಲ್ಲಿ ಹರಿದುಳಿಯುವುದೂ ಕಡಿಮೆ.

ಹೋದ ಚಳಿಗಾಲದ ಒಂದು ನಸುಕಿನಲ್ಲಿ ಅದೇ ಏರಿ, ಅದೇ ಕಾಕಾ. ನೀರಿನ ಮೇಲೆ ಮಂಜು ಹೊಗೆಯಾಡುತ್ತಿತ್ತು. ಹುಳ ಎಸೆದು ಎಣಿಸತೊಡಗಿದೆ. ಆ ಜಾಗದಲ್ಲಿ ಹನ್ನೊಂದಕ್ಕೆ ತಳ. ಏಳಕ್ಕೆ ದಾರ ನಿಂತಿತು. ಏಟಿಲ್ಲ, ಜಗ್ಗಾಟವಿಲ್ಲ, ಇಳಿಯುವುದಷ್ಟೇ ನಿಂತಿತ್ತು. ರೀಲು ಅರ್ಧ ಸುತ್ತಿದೆ. ಆಚೆಯಿಂದ ಮೆತ್ತನೆಯ ಭಾರವೊಂದು ತುಸು ಎಡಕ್ಕೆ ಸರಿಯಿತು. ಎತ್ತಿದೆ.

ಕಿಲೋ ತೂಗದ ಕೊರವ. ಕಾಕಾ ಎದ್ದು ಬಂದರು. ಮೀನು ಎಷ್ಟು ದೊಡ್ಡದೆಂದು ನೋಡಲಿಲ್ಲ, ಬಾಯಿ ತೆರೆಸಿ ಕೊಕ್ಕೆ ಎಲ್ಲಿದೆ ಎಂದು ನೋಡಿದರು. ಬಲ ತುಟಿಯ ಮೂಲೆಯಲ್ಲಿ, ರಕ್ತದ ಕಲೆಯೂ ಇಲ್ಲದೆ ನಿಂತಿತ್ತು. ಎರಡು ಬೆರಳಲ್ಲಿ ಹಿಂದಕ್ಕೆ ಜಾರಿಸಿದರೆ ಬಿಡಿಸಿಕೊಂಡಿತು. ನೀರಿಗೆ ಬಿಟ್ಟೊಡನೆ ಬಾಲ ಬಡಿದು ಜಾಲಿಯ ನೆರಳಿಗೆ ಹೋಯಿತು.

"ತುಟಿಗೇ ಇತ್ತು" ಎಂದರು ಕಾಕಾ, ತಮ್ಮ ಕೋಲಿನ ಕಡೆ ನಡೆಯುತ್ತ. "ಈಗ ಗೊತ್ತಾಗಾಕತ್ತೇತಿ ನೋಡು ತಮ್ಮಾ, ನಿನ್ನ ಕೈಗಿ."